ಬೆಳಿಗ್ಗೆ ನಡುಗುವ ಹಳೇ ಕಾರು: ಸ್ಕ್ರೂ ಡ್ರೈವರ್ ಕೊನೆಗಿರಲಿ

ಬೆಳಿಗ್ಗೆ ಆರಕ್ಕೆ ಗಡಗಡ ನಡುಗಿ ಎರಡು ಸಲ ಆಫ್ ಆದ ಕಾರು, ಹತ್ತು ಗಂಟೆಗೆ ಗ್ಯಾರೇಜಿನ ಮುಂದೆ ನಿಂತಾಗ ಏನೂ ನಡೆದೇ ಇಲ್ಲವೆಂಬಂತೆ ಸಣ್ಣಗೆ ಗುನುಗುತ್ತಿರುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಕಿವಿಗೊಟ್ಟು ಕೇಳುತ್ತಾರೆ. "ಐಡ್ಲಿಂಗ್ ಸ್ವಲ್ಪ ಕಮ್ಮಿ ಇದೆ ಸಾರ್" ಎಂದು ಸ್ಕ್ರೂ ಡ್ರೈವರ್ ತೆಗೆದು ಅರ್ಧ ಸುತ್ತು ತಿರುಗಿಸುತ್ತಾರೆ. ಎರಡು ದಿನ ಪರವಾಗಿಲ್ಲ ಅನ್ನಿಸುತ್ತದೆ. ಆಮೇಲೆ ಬೆಳಗಿನ ನಡುಕ ಮರಳಿ ಬರುತ್ತದೆ, ಜೊತೆಗೆ ಹೊಸದೊಂದು ಕಾಟವೂ ಸೇರಿಕೊಳ್ಳುತ್ತದೆ: ಬಿಸಿಯಾದ ಎಂಜಿನ್ ಸಿಗ್ನಲ್‌ನಲ್ಲಿ ನಿಂತಾಗ ಸುಮ್ಮಸುಮ್ಮನೆ ಕೂಗುತ್ತದೆ, ಪೆಟ್ರೋಲ್ ಮುಳ್ಳು ಬೇಗ ಕೆಳಗಿಳಿಯುತ್ತದೆ.

ಮೆಕ್ಯಾನಿಕ್‌ರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಕಾಯಿಲೆ ಕಾಣಿಸಿಯೇ ಇಲ್ಲ. ಚಳಿ ಹಿಡಿದ ಎಂಜಿನ್‌ನ ದೋಷವನ್ನು ಬಿಸಿ ಎಂಜಿನ್‌ನಲ್ಲಿ ಹುಡುಕಲಾಗದು. ಆದ್ದರಿಂದ ಮೊದಲ ಸಲಹೆ: ಕಾರನ್ನು ಸಂಜೆಯೇ ಗ್ಯಾರೇಜಿಗೆ ಒಯ್ದು ರಾತ್ರಿಯಿಡೀ ಅಲ್ಲೇ ಬಿಡಿ, ಬೆಳಿಗ್ಗೆ ನೀವು ಬರುವವರೆಗೆ ಯಾರೂ ಸೆಲ್ಫ್ ಹೊಡೆಯಬಾರದೆಂದು ಹೇಳಿ ಬನ್ನಿ. ಅದಾಗದಿದ್ದರೆ ಬೆಳಗಿನ ಸ್ಟಾರ್ಟನ್ನು ಫೋನಿನಲ್ಲಿ ವಿಡಿಯೊ ಮಾಡಿ. ಒಂದು ಸಲ ಬಾನೆಟ್ ತೆರೆದು, ಇನ್ನೊಂದು ಸಲ ಸೈಲೆನ್ಸರ್ ಬಾಯಿಯ ಹತ್ತಿರ. ಆ ಎರಡು ನಿಮಿಷದ ಸದ್ದಿನಲ್ಲಿ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಈ ಲೇಖನಕ್ಕೆ ಉದಾಹರಣೆಯಾಗಿ ಮಾರುತಿ 800 ಅನ್ನು ಇಟ್ಟುಕೊಳ್ಳುತ್ತೇನೆ. 1983ರ ಕೊನೆಗೆ ರಸ್ತೆಗಿಳಿದು 2014ರ ಆರಂಭದವರೆಗೆ ತಯಾರಾದ ಈ ಕಾರು ನಮ್ಮ ಊರುಗಳಲ್ಲಿ ಇನ್ನೂ ಬೇಕಾದಷ್ಟಿದೆ. ಹಳೆಯವಕ್ಕೆ ಕಾರ್ಬೊರೇಟರ್, 2000ದ ಆಸುಪಾಸಿನಿಂದ ಈಚಿನವಕ್ಕೆ ಕಂಪ್ಯೂಟರ್ ಹತೋಟಿಯ ಪೆಟ್ರೋಲ್ ಇಂಜೆಕ್ಷನ್, ಅಂದರೆ ಎಂಪಿಎಫ್‌ಐ. ಹೀಗಾಗಿ ಎರಡೂ ಕಾಲದ ಕಾಯಿಲೆಗಳನ್ನು ಒಂದೇ ಕಾರಿನಲ್ಲಿ ನೋಡಬಹುದು. ಓಮ್ನಿ, ಜೆನ್, ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ಹೆಚ್ಚಿನ ಮಾತು ಅನ್ವಯಿಸುತ್ತದೆ.

ಚಳಿಯ ಮೇಲೆ ಎಷ್ಟು ತಪ್ಪು ಹೊರಿಸಬಹುದು?

ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಸೇರಿದರೆ ಎರಡೂ ಪೂರ್ತಿ ಬಳಕೆಯಾಗುತ್ತವೆ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್‌ನ ಒಂದಷ್ಟು ಭಾಗ ಮ್ಯಾನಿಫೋಲ್ಡ್‌ನ ಒಳಗೋಡೆಗೆ ಹನಿಹನಿಯಾಗಿ ಅಂಟಿ ಕೂರುತ್ತದೆ, ಐಸ್ ನೀರು ತುಂಬಿದ ಲೋಟದ ಹೊರಮೈಗೆ ತೇವ ಕೂರುವ ಹಾಗೆ. ಸಿಲಿಂಡರ್ ತಲುಪುವ ಆವಿ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಬೆಳಿಗ್ಗೆ ಹೆಚ್ಚು ಪೆಟ್ರೋಲ್ ಕೊಡಬೇಕು. ಕಾರ್ಬೊರೇಟರ್ ಕಾರಿನಲ್ಲಿ ಆ ಕೆಲಸ ಚೋಕ್‌ನದು, ಎಂಪಿಎಫ್‌ಐ ಕಾರಿನಲ್ಲಿ ಕಂಪ್ಯೂಟರಿನದು. ಜೊತೆಗೆ ತಣ್ಣಗಿನ ಆಯಿಲ್ ಗಟ್ಟಿಯಾಗಿರುವುದರಿಂದ ಎಂಜಿನ್ ತಿರುಗುವುದಕ್ಕೂ ಹೆಚ್ಚು ಶಕ್ತಿ ಬೇಕು.

ಆದರೆ ನಮ್ಮ ಚಳಿ ಎಂಥದ್ದು? ಬೆಂಗಳೂರಿನಲ್ಲಿ ಧನುರ್ಮಾಸದ ಬೆಳಗ್ಗೆ ಎಂದರೆ 15 ಡಿಗ್ರಿ ಆಸುಪಾಸು. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಇನ್ನೂ ನಾಲ್ಕಾರು ಡಿಗ್ರಿ ಕಡಿಮೆ. ಮಾರುತಿಯ 796 ಸಿಸಿ ಎಂಜಿನ್ ಹಿಮ ಬೀಳುವ ಜಪಾನಿನ ಸುಜುಕಿಯವರದು. ಅದು 15 ಡಿಗ್ರಿಗೆ ನಡುಗುತ್ತಿದೆಯೆಂದರೆ ಎಲ್ಲೋ ಏನೋ ಸವೆದಿದೆ, ಸಡಿಲಾಗಿದೆ ಅಥವಾ ಕಟ್ಟಿಕೊಂಡಿದೆ. ಬಿಸಿ ಎಂಜಿನ್ ಅದನ್ನು ಸಹಿಸಿಕೊಳ್ಳುತ್ತದೆ, ತಣ್ಣಗಿನ ಎಂಜಿನ್ ಸಹಿಸುವುದಿಲ್ಲ. "ಹಳೇ ಗಾಡಿ, ಚಳಿಗೆ ಹಂಗೇನೇ" ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಬಾನೆಟ್ ಎತ್ತುವ ಮೊದಲು ನಡುಕದ ಲಯ ಗಮನಿಸಿ. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುವಾಗ ಸೆಕೆಂಡಿಗೆ 22 ಚಿಲ್ಲರೆ ಸಲ ಬೆಂಕಿ ಹತ್ತಬೇಕು. ಒಂದು ಸಿಲಿಂಡರ್ ಮಲಗಿದರೆ ಅದು 15ಕ್ಕೆ ಇಳಿಯುತ್ತದೆ, ಇಡೀ ಕಾರು ತಾಳ ಹಾಕಿದಂತೆ ಒಂದೇ ಸಮನೆ ಕುಲುಕುತ್ತದೆ. ಹಾಗೆ ಕುಲುಕಿದರೆ ಪ್ಲಗ್, ವೈರ್, ಟ್ಯಾಪೆಟ್ ಮೇಲೆ ಅನುಮಾನ ಪಡಬೇಕು. ಲಯವಿಲ್ಲದೆ ಏರಿಳಿದು, ಆಕ್ಸಿಲರೇಟರ್ ಒತ್ತಿದರೆ ಕೆಮ್ಮಿ, ಬಿಟ್ಟರೆ ಆಫ್ ಆದರೆ ಎಲ್ಲ ಸಿಲಿಂಡರಿಗೂ ಹೊಟ್ಟೆಗೆ ಸಾಲುತ್ತಿಲ್ಲ ಅಥವಾ ಹೆಚ್ಚಾಗಿದೆ: ಚೋಕ್, ಜೆಟ್, ಗಾಳಿ ಸೋರಿಕೆ. ಹಿಂದಿನಿಂದ ಕಪ್ಪು ಹೊಗೆ ಮತ್ತು ಪೆಟ್ರೋಲ್ ವಾಸನೆ ಬಂದರೆ ಹೆಚ್ಚಾಗಿದೆ ಎಂದೇ ಅರ್ಥ. ಬೆಳಗಿನ ಬಿಳಿ ಹಬೆಗೆ ಹೆದರಬೇಡಿ, ಅದು ಸೈಲೆನ್ಸರಿನಲ್ಲಿ ಕೂತ ನೀರು. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಪ್ಯಾಕಿಂಗ್ ಬಗ್ಗೆ ಯೋಚಿಸಬೇಕು.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇವೆಲ್ಲ ಪರೀಕ್ಷೆ ಬಯಲಿನಲ್ಲಿ ನಡೆಯಲಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಕುತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ.

ಚೋಕ್ ಎಳೆದರೆ ಸಾಕೇ?

ಕಾರ್ಬೊರೇಟರ್ ಕಾರಿನಲ್ಲಿ ಮೊದಲು ನೋಡಬೇಕಾದ್ದು ಚೋಕ್. ಅದೇ ಹೆಚ್ಚಿನವರು ನೋಡದೆ ಬಿಡುವ ಜಾಗ. ಡ್ಯಾಶ್‌ಬೋರ್ಡಿನ ಗುಂಡಿ ಎಳೆದಾಗ ಕೈಗೆ ಬಿಗಿ ಸಿಕ್ಕಿತು, ಆದ್ದರಿಂದ ಚೋಕ್ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತೇವೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬೊರೇಟರಿನ ಬಾಯಿ ಕಾಣುವಂತೆ ಮಾಡಿ, ಒಳಗೆ ಕೂತವರಿಗೆ ಗುಂಡಿ ಎಳೆಯಲು ಹೇಳಿ. ಮೇಲಿನ ತಗಡಿನ ಎಲೆ ಪೂರ್ತಿ ಮುಚ್ಚಬೇಕು, ಗುಂಡಿ ಒತ್ತಿದಾಗ ನೆಟ್ಟಗೆ ನಿಂತು ಪೂರ್ತಿ ತೆರೆಯಬೇಕು. ಹಳೆಯ ಕೇಬಲ್ ಹಿಗ್ಗಿದ್ದರೆ ಅಥವಾ ಕ್ಲ್ಯಾಂಪಿನ ಸ್ಕ್ರೂ ಜಾರಿದ್ದರೆ ಎಲೆ ಮುಕ್ಕಾಲು ಪಾಲು ಮುಚ್ಚಿ ನಿಂತುಬಿಡುತ್ತದೆ. ಬೆಳಿಗ್ಗೆ ಅಷ್ಟು ಸಾಲದು. ಕ್ಲ್ಯಾಂಪ್ ಸಡಿಲಿಸಿ, ಎಲೆಯನ್ನು ಬೆರಳಿನಿಂದ ಮುಚ್ಚಿ ಹಿಡಿದು, ಕೇಬಲ್ ಎಳೆದು ಮತ್ತೆ ಬಿಗಿ ಮಾಡುವುದು ಹತ್ತು ನಿಮಿಷದ ಕೆಲಸ. ಕೇಬಲ್ ತುಕ್ಕು ಹಿಡಿದು ತಡೆಯುತ್ತಿದ್ದರೆ ಬದಲಿಸಿ.

ಇದಕ್ಕಿಂತ ಮುಖ್ಯವಾದದ್ದು ಚೋಕ್‌ನ ಎರಡನೆಯ ಕೆಲಸ. ಗುಂಡಿ ಎಳೆದಾಗ ಮೇಲಿನ ಎಲೆ ಮುಚ್ಚುವುದರ ಜೊತೆಗೆ ಒಂದು ಸಣ್ಣ ಕೊಂಡಿ ಕೆಳಗಿನ ಥ್ರಾಟಲನ್ನು ತುಸು ತೆರೆದು ಹಿಡಿಯುತ್ತದೆ. ಹಾಗಾಗಿಯೇ ಚೋಕ್ ಎಳೆದ ಕಾರು ಮಾಮೂಲಿ 900ರ ಬದಲು ಅದಕ್ಕಿಂತ ಸಾಕಷ್ಟು ಹೆಚ್ಚಿನ ವೇಗದಲ್ಲಿ ತಿರುಗುವುದು. ಆ ಕೊಂಡಿ ಬಾಗಿದ್ದರೆ, ಯಾವುದೋ ಸರ್ವಿಸಿನಲ್ಲಿ ಬಿಚ್ಚಿಟ್ಟು ಮರಳಿ ಹಾಕದಿದ್ದರೆ, ಪೆಟ್ರೋಲ್ ಮಾತ್ರ ಜಾಸ್ತಿ ಬಂದು ಗಾಳಿ ಸಾಲದೆ ಎಂಜಿನ್ ಉಸಿರು ಕಟ್ಟಿ ಆಫ್ ಆಗುತ್ತದೆ. "ಚೋಕ್ ಹಾಕಿದ್ರೆ ಆಫ್ ಆಗುತ್ತೆ, ಹಾಕದಿದ್ರೆ ಸ್ಟಾರ್ಟೇ ಆಗಲ್ಲ" ಎನ್ನುವ ಕಾರುಗಳಲ್ಲಿ ಈ ಕೊಂಡಿಯನ್ನು ಮೊದಲು ನೋಡಿ.

ಚೋಕ್ ಬಳಸುವುದಕ್ಕೂ ಒಂದು ರೀತಿಯಿದೆ. ಪೂರ್ತಿ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಹಿಡಿದುಕೊಂಡ ಮೇಲೆ ಅರ್ಧಕ್ಕೆ ತಳ್ಳಿ, ಅರ್ಧ ನಿಮಿಷ ನಿಂತು ನಿಧಾನವಾಗಿ ಹೊರಡಿ; ಒಂದೆರಡು ಕಿಲೊಮೀಟರಿನೊಳಗೆ ಪೂರ್ತಿ ಒಳಗೆ ಹೋಗಬೇಕು. ನಿಂತಲ್ಲೇ ಹತ್ತು ನಿಮಿಷ ಚೋಕ್ ಎಳೆದು ಬಿಸಿ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿದಾಗ ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸುವುದೊಂದೇ ದಾರಿ.

ಕಿಡಿ ಬಲವಾಗಿದೆಯೇ ಎಂದು ನೋಡಿ

ಪ್ಲಗ್ ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಗಾಳಿ ಹೆಚ್ಚು. ಎಣ್ಣೆ ಅಂಟಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಮೂರರಲ್ಲಿ ಒಂದೇ ಒಂದು ಒದ್ದೆಯಾಗಿದ್ದರೆ ನಡುಗಿಸುತ್ತಿರುವುದು ಆ ಸಿಲಿಂಡರೇ ಎಂದು ಗುರುತು ಹಾಕಿಕೊಳ್ಳಿ. ಕಾರ್ಬೊರೇಟರ್ ಕಾಲದ ಹೆಚ್ಚಿನ ಕಾರುಗಳಿಗೆ ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಇರುತ್ತದೆ, ನಿಮ್ಮ ಕಾರಿನದು ಪುಸ್ತಕದಲ್ಲಿ ನೋಡಿ, ಫೀಲರ್ ಗೇಜಿನಿಂದ ಅಳೆಯಿರಿ. ಕಣ್ಣಂದಾಜು ಬೇಡ. ಸವೆದು ಗ್ಯಾಪ್ ದೊಡ್ಡದಾದ ಪ್ಲಗ್ ಬಿಸಿ ಎಂಜಿನ್‌ನಲ್ಲಿ ಹೇಗೋ ಕಿಡಿ ಹಾರಿಸುತ್ತದೆ. ಬೆಳಿಗ್ಗೆ ಬ್ಯಾಟರಿಯೂ ಬಳಲಿರುವಾಗ ಅದಕ್ಕಾಗುವುದಿಲ್ಲ.

ಬ್ಯಾಟರಿಯ ಮಾತು ಬಂತಲ್ಲ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಮೋಟರ್ ತಿರುಗಿದರೂ ಕಾಯಿಲ್‌ಗೆ ಸಾಕಷ್ಟು ವೋಲ್ಟೇಜ್ ಸಿಗದೆ ಕಿಡಿ ಸೋಲುತ್ತದೆ. ಟರ್ಮಿನಲ್ಲಿನ ಬಿಳಿ ಬೂಷ್ಟು ತೊಳೆದು, ಎಂಜಿನ್‌ನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಹಾಕಿ.

ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡೆಲ್ಕೊದ (ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು ಬೆಳಕಿಗೆ ಹಿಡಿದರೆ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಾಣಬಹುದು. ಕಿಡಿ ಪ್ಲಗ್‌ಗೆ ಹೋಗದೆ ಆ ಗೆರೆಯ ಮೇಲೆ ಓಡಿ ಸೋರುತ್ತಿರುತ್ತದೆ. ಉಜ್ಜಿ ಪ್ರಯೋಜನವಿಲ್ಲ, ಮುಚ್ಚಳ ಬದಲಿಸಬೇಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಬೆಳಗ್ಗೆ ಬರುವ ಎಷ್ಟೋ ನಡುಕಗಳಿಗೆ ಚಳಿಯ ಸಂಬಂಧವೇ ಇಲ್ಲ, ಈ ಮುಚ್ಚಳದೊಳಗಿನ ತೇವವೇ ಕಾರಣ. ಒಣಬಟ್ಟೆಯಲ್ಲಿ ಒರೆಸಿ ಹಾಕಿದ ಕೂಡಲೇ ಕಾರು ಸರಿಹೋದರೆ ಅದೇ ಕಳ್ಳ. ಪಾಯಿಂಟ್ ಇರುವ ಹಳೆಯ ಡೆಲ್ಕೊ ಆದರೆ ಪಾಯಿಂಟಿನ ಮೈ ಸುಟ್ಟು ಗುಳಿ ಬಿದ್ದಿದೆಯೇ ನೋಡಿ, ಗ್ಯಾಪ್ ಅಳೆಯಿರಿ, ಬದಲಿಸುವಾಗ ಕಂಡೆನ್ಸರನ್ನೂ ಸೇರಿಸಿಯೇ ಬದಲಿಸಿ.

ಪ್ಲಗ್ ವೈರ್ ಪರೀಕ್ಷೆಗೆ ಕತ್ತಲೆ ಬೇಕು. ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಕಿ. ಸೋರುವ ವೈರಿನ ಸುತ್ತ ನೀಲಿ ಮಿಂಚು ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಆಗ ಕೈ ದೂರವಿರಲಿ. ಸಾವಿರಾರು ವೋಲ್ಟ್ ಅದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಹತ್ತಿರ ಬರಲೇಬಾರದು.

ಯಾವ ಸಿಲಿಂಡರ್ ಮಲಗಿದೆಯೆಂದು ತಿಳಿಯಲು ಹಳೆಯ ಉಪಾಯ ಇನ್ನೂ ನಡೆಯುತ್ತದೆ. ಎಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರನ್ನು ಕ್ಷಣಕಾಲ ಕಿತ್ತು ನೋಡುವುದು. ಕಿತ್ತಾಗ ನಡುಕ ಹೆಚ್ಚಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಅದೇ ಮಲಗಿರುವುದು. ಎಂಪಿಎಫ್‌ಐ ಕಾರಿನಲ್ಲಿ ಮಾತ್ರ ಹೀಗೆ ವೈರ್ ಕೀಳಬೇಡಿ, ಕಾಯಿಲ್ ಮತ್ತು ಕಂಪ್ಯೂಟರಿಗೆ ಪೆಟ್ಟು. ಅಲ್ಲಿ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ ನೋಡಬೇಕು.

ಎಲ್ಲಿಂದಲೋ ಗಾಳಿ ಎಳೆಯುತ್ತಿದೆ

"ಏರ್ ಎಳೀತಿದೆ" ಎಂದು ಮೆಕ್ಯಾನಿಕ್‌ಗಳು ಹೇಳುವ ಕಾಯಿಲೆ ಇದು. ನನ್ನ ಲೆಕ್ಕದಲ್ಲಿ ಹಳೆಯ ಕಾರಿನ ಬೆಳಗಿನ ನಡುಕಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್‌ನೊಳಗೆ ಬಲವಾದ ಎಳೆತವಿರುತ್ತದೆ. ಕಾರ್ಬೊರೇಟರಿನ ಕೆಳಗಿನ ಪ್ಯಾಕಿಂಗ್, ಮ್ಯಾನಿಫೋಲ್ಡ್ ಪ್ಯಾಕಿಂಗ್, ಬ್ರೇಕ್ ಬೂಸ್ಟರಿನ ಹೋಸ್, ಡೆಲ್ಕೊಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್, ಟ್ಯಾಪೆಟ್ ಕವರಿನಿಂದ ಬರುವ ಉಸಿರುಪೈಪ್ ಇವುಗಳಲ್ಲಿ ಎಲ್ಲಿ ಬಿರುಕಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ. ಹೆಚ್ಚು ಪೆಟ್ರೋಲ್ ಬೇಕಿರುವ ಹೊತ್ತಿನಲ್ಲೇ ಹೆಚ್ಚು ಗಾಳಿ! ಬಿಸಿಯಾದ ಮೇಲೆ ಲೋಹ ಹಿಗ್ಗಿ, ರಬ್ಬರ್ ಮೆತ್ತಗಾಗಿ ಬಿರುಕು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಹತ್ತು ಗಂಟೆಗೆ ಗ್ಯಾರೇಜಿನಲ್ಲಿ ಕಾರು ಸಾಧುವಾಗುವುದಕ್ಕೆ ಅದೂ ಒಂದು ಕಾರಣ.

ಹುಡುಕಲು ಹಲವರು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಅದು ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತೀತು. ಸವೆದ ವೈರಿನ ಕಿಡಿಯೂ ಸಾಕು. ಮನೆಯಲ್ಲಿ ಮಾಡುವವರು ಸೂಜಿ ತೆಗೆದ ಸಿರಿಂಜಿನಲ್ಲಿ ನೀರು ತೆಗೆದುಕೊಂಡು, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಪ್ರತಿ ಜೋಡಣೆಯ ಮೇಲೂ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗಿ. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್‌ನ ಸದ್ದು ಥಟ್ಟನೆ ಬದಲಾಗುತ್ತದೆ. ಹೋಸುಗಳಿಗೆ ಇದೂ ಬೇಕಿಲ್ಲ, ಒಂದೊಂದನ್ನೇ ಬಟ್ಟೆ ಸುತ್ತಿದ ಇಕ್ಕಳದಿಂದ ಅದುಮಿ ನೋಡಿದರಾಯಿತು. ಬ್ರೇಕ್ ಬೂಸ್ಟರ್ ಹೋಸ್ ಅದುಮಿದಾಗ ಐಡ್ಲಿಂಗ್ ನೇರವಾದರೆ ಸೋರಿಕೆ ಹೋಸಿನಲ್ಲೋ ಬೂಸ್ಟರಿನಲ್ಲೋ ಇದೆ. ಅದು ಬ್ರೇಕಿನ ವಿಚಾರವಾದ್ದರಿಂದ ಅಂದೇ ಸರಿಪಡಿಸಿ.

ಕಟ್ಟಿಗೆಯಂತೆ ಗಟ್ಟಿಯಾದ, ಬಗ್ಗಿಸಿದರೆ ಸೀಳು ಕಾಣುವ ರಬ್ಬರ್ ಪೈಪುಗಳನ್ನು ಒಟ್ಟಿಗೇ ಬದಲಿಸಿಬಿಡುವುದು ಲೇಸು. ಪ್ಯಾಕಿಂಗ್ ಬದಲಿಸುವಾಗ ಕಾರ್ಬೊರೇಟರಿನ ತಳವೇ ಬಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಲು ಹೇಳಿ. ಬೋಲ್ಟ್ ಅತಿಯಾಗಿ ಬಿಗಿದು ಬಾಗಿರುವುದು ಸಾಮಾನ್ಯ. ಲಕ್ಷಾಂತರ ಕಿಲೊಮೀಟರ್ ಓಡಿದ ಕಾರ್ಬೊರೇಟರಿನಲ್ಲಿ ಥ್ರಾಟಲ್ ಶಾಫ್ಟ್ ಅಲ್ಲಾಡುತ್ತಿದ್ದರೆ ಗಾಳಿ ಅಲ್ಲಿಂದಲೂ ನುಗ್ಗುತ್ತದೆ. ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸಬೇಕು, ಪ್ಯಾಕಿಂಗಿನಿಂದ ಆಗುವ ಕೆಲಸವಲ್ಲ.

ಜೆಟ್, ಎಥೆನಾಲ್ ಮತ್ತು ಎಮಿಷನ್ ಟೆಸ್ಟ್

ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಜೆಟ್ಟಿನ ತೂತು ತೀರಾ ಸಣ್ಣದು. ವಾರಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲ್ ಆರಿ ಗೋಂದಿನಂಥ ಪದರ ಕಟ್ಟಿ ಅದನ್ನು ಅರ್ಧ ಮುಚ್ಚುತ್ತದೆ. ಕ್ಲೀನರ್ ಹಾಕಿ ಗಾಳಿ ಹೊಡೆಸಬೇಕೇ ಹೊರತು ತಂತಿ ತೂರಿಸಬಾರದು. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಆ ಜೆಟ್ ಕೆಲಸಕ್ಕೆ ಬಾರದು. ಕಾರ್ಬೊರೇಟರಿಗೆ ವೈರ್ ಇರುವ ಸಣ್ಣ ಸೊಲೆನಾಯ್ಡ್ ಇದ್ದರೆ ಕೀ ತಿರುಗಿಸಿದಾಗ 'ಟಿಕ್' ಎನ್ನುತ್ತದೆಯೇ ಕೇಳಿ. ಎನ್ನದಿದ್ದರೆ ಐಡ್ಲಿಂಗಿನ ಪೆಟ್ರೋಲ್ ದಾರಿ ಅಲ್ಲೇ ಬಂದ್.

ಈಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಗಿ, ಈಗ ಹೆಚ್ಚುಕಡಿಮೆ ಎಲ್ಲ ಬಂಕುಗಳಲ್ಲೂ ಅದೇ ಸಿಗುತ್ತಿದೆ. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ, ಒಂದಕ್ಕೆ ಒಂಬತ್ತರಷ್ಟು. ಬರೀ ಪೆಟ್ರೋಲ್‌ಗೆಂದು ಅಳತೆ ಮಾಡಿದ ಜೆಟ್ಟಿನಲ್ಲಿ ಇದು ಹರಿದಾಗ ಮಿಶ್ರಣ ತಾನಾಗಿ ತೆಳುವಾಗುತ್ತದೆ. ಸಾಲದ್ದಕ್ಕೆ ಎಥೆನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುತ್ತದೆ, ಬೆಳಿಗ್ಗೆ ಇಲ್ಲದಿರುವುದೇ ಅದು. ಹಳೆಯ ರಬ್ಬರ್ ಪೈಪು, ಡಯಾಫ್ರಮ್‌ಗಳನ್ನು ಅದು ಮೆತ್ತಗೆ ಮಾಡುತ್ತದೆ, ತೇವವನ್ನೂ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ಓಡಿಸುವ ಕಾರಿಗೆ ಟ್ಯಾಂಕ್ ತಳದಲ್ಲಿ ಹಳೇ ಪೆಟ್ರೋಲ್ ಉಳಿಸಬೇಡಿ. ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಾಳುವ ಪೈಪಿಗೆ ಬದಲಿಸಿ. ಮಿಕ್ಸ್ಚರ್ ಸ್ಕ್ರೂನಲ್ಲಿ ಸ್ವಲ್ಪ ಹೆಚ್ಚು ಪೆಟ್ರೋಲ್ ಕೊಟ್ಟು ಹೊಂದಿಸುವುದಕ್ಕೂ ಅವಕಾಶವಿದೆ, ಅದರ ವಿಷಯ ಕೊನೆಗೆ.

ಇದಕ್ಕೆ ತಿರುಗಾಮುರುಗಾ ನಡೆಯುವ ಒಂದು ರೂಢಿಯಿದೆ. ಎಮಿಷನ್ ಟೆಸ್ಟ್ ಪಾಸಾಗಲೆಂದು ಮಿಕ್ಸ್ಚರ್ ಸ್ಕ್ರೂ ಬಿಗಿದು ಪೆಟ್ರೋಲ್ ಕಡಿಮೆ ಮಾಡುತ್ತಾರೆ. ಚೀಟಿ ಸಿಗುತ್ತದೆ, ಬೆಳಗಿನ ನಡುಕವೂ ಅಂದಿನಿಂದಲೇ ಶುರುವಾಗುತ್ತದೆ. ನಿಮ್ಮ ಕಾರು ನಡುಗತೊಡಗಿದ್ದು ಯಾವಾಗಿನಿಂದ ಎಂದು ಲೆಕ್ಕ ಹಾಕಿದರೆ ಹಲವರಿಗೆ ಟೆಸ್ಟಿನ ತಾರೀಕು ನೆನಪಾದೀತು.

ಗ್ಯಾಸ್ ಕಿಟ್ ಹಾಕಿಸಿದ ಕಾರುಗಳಿಗೆ ಒಂದು ಮಾತು. ಗ್ಯಾಸಿನ ರೆಡ್ಯೂಸರ್ ರೇಡಿಯೇಟರಿನ ಬಿಸಿನೀರಿನಿಂದ ಕಾಯುವಂಥದ್ದು, ಅದು ತಣ್ಣಗಿದ್ದಾಗ ಗ್ಯಾಸಿನಲ್ಲೇ ಸ್ಟಾರ್ಟ್ ಮಾಡಿದರೆ ನಡುಕ ಖಚಿತ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಗ್ಯಾಸಿಗೆ ಬನ್ನಿ. ವರ್ಷಗಟ್ಟಲೆ ಪೆಟ್ರೋಲ್ ಕಾಣದ ಕಾರ್ಬೊರೇಟರ್ ಒಳಗೆ ಒಣಗಿರುತ್ತದೆ ಎಂಬುದೂ ನೆನಪಿರಲಿ.

ಥರ್ಮೋಸ್ಟಾಟ್ ಕಿತ್ತು ಬಿಸಾಡಿದವರು ಯಾರು?

ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಎಂಜಿನ್‌ನ ನೀರು 80 ಡಿಗ್ರಿ ದಾಟುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯುವ ಸಣ್ಣ ವಾಲ್ವ್ ಥರ್ಮೋಸ್ಟಾಟ್. ನಮ್ಮಲ್ಲಿ ಕಾರು ಒಮ್ಮೆ ಹೀಟ್ ಆದರೆ ಸಾಕು, "ನಮ್ಮ ಸೆಖೆಗೆ ಇದು ಬೇಡ" ಎಂದು ಅದನ್ನು ಕಿತ್ತುಹಾಕುವುದು ಎಷ್ಟೋ ಗ್ಯಾರೇಜುಗಳಲ್ಲಿ ವಾಡಿಕೆ. ಅದು ಇಲ್ಲದ ಎಂಜಿನ್‌ನ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರಿನಲ್ಲಿ ಸುತ್ತುತ್ತದೆ. ಐದು ನಿಮಿಷದಲ್ಲಿ ಮುಗಿಯಬೇಕಾದ ತಣ್ಣಗಿನ ಅವಸ್ಥೆ ಅರ್ಧ ಗಂಟೆಗೆ ಹಿಗ್ಗುತ್ತದೆ, ಚೋಕ್ ಒಳಗೆ ತಳ್ಳಿದ ಕೂಡಲೇ ಕಾರು ಮುಗ್ಗರಿಸುತ್ತದೆ. ಎಂಪಿಎಫ್‌ಐ ಕಾರಿನ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪರೀಕ್ಷೆ ಸುಲಭ: ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಮೊದಲಿನಿಂದಲೇ ಉಗುರುಬೆಚ್ಚಗೆ ಏರುತ್ತಾ ಹೋದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಕೂತಿದೆ. ಬೆಲೆ ದುಬಾರಿಯಲ್ಲ, ಹಾಕಿಸಿ.

ಎಂಪಿಎಫ್‌ಐ ಕಾರಿನ ಸಂಗತಿ ಬೇರೆ

ಇಲ್ಲಿ ಚೋಕ್ ಇಲ್ಲ, ಮುಟ್ಟಲು ಸ್ಕ್ರೂ ಇಲ್ಲ, ಇದ್ದರೂ ಮುಟ್ಟಬಾರದು. ಐಡ್ಲಿಂಗ್ ಗಾಳಿಯನ್ನು ಹೊಂದಿಸುವ ಪುಟ್ಟ ವಾಲ್ವ್ ಥ್ರಾಟಲ್ ಬಾಡಿಯ ಬದಿಯಲ್ಲಿರುತ್ತದೆ. ಬೆಳಿಗ್ಗೆ ಅದು ಹೆಚ್ಚು ತೆರೆದು ಎಂಜಿನ್‌ನ ವೇಗ ಏರಿಸಬೇಕು. ಕರಿ ಮಸಿ ಕಟ್ಟಿದರೆ ಅದು ಅಂಟಿಕೊಂಡು ತಡವರಿಸುತ್ತದೆ. ಥ್ರಾಟಲ್ ಬಾಡಿ ಬಿಚ್ಚಿ ಸ್ಪ್ರೇ ಮತ್ತು ಮೆದು ಬಟ್ಟೆಯಿಂದ ಸ್ವಚ್ಛ ಮಾಡಿಸುವುದು ಮೊದಲ ಮದ್ದು. ಹತ್ತರಲ್ಲಿ ಆರು ಕಾರು ಇದರಲ್ಲೇ ಗುಣವಾಗುತ್ತವೆ ಎಂಬ ಮೆಕ್ಯಾನಿಕ್‌ರ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದರೂ ಹುರುಳಿದೆ.

ಆಮೇಲೆ ನೋಡಬೇಕಾದ್ದು ನೀರಿನ ಉಷ್ಣಾಂಶ ಹೇಳುವ ಸೆನ್ಸರ್. ಹೆಚ್ಚಿನ ಕಾರುಗಳಲ್ಲಿ ಇದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಕಿಲೊಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ತಣ್ಣಗಿದ್ದಾಗಲೇ 300 ತೋರಿಸುವ ಸೆನ್ಸರ್, ಎಂಜಿನ್ ಬಿಸಿಯಾಗಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿರುತ್ತದೆ. ಕಂಪ್ಯೂಟರ್ ನಂಬಿ ಪೆಟ್ರೋಲ್ ಕಡಿಮೆ ಮಾಡುತ್ತದೆ. ಮೀಟರ್ ಇರುವ ಯಾರಾದರೂ ಇದನ್ನು ಮನೆಯಲ್ಲೇ ಅಳೆಯಬಹುದು.

ಸೋರುವ ಗಾಳಿ ಇಲ್ಲೂ ಬೆಳಿಗ್ಗೆಯೇ ಕಾಡುವುದಕ್ಕೆ ವಿಶೇಷ ಕಾರಣವಿದೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಇರುವ ಕಾರಿನಲ್ಲಿ ಅದು ಸುಮಾರು 300 ಡಿಗ್ರಿ ಕಾಯುವವರೆಗೆ ಮಾತಾಡುವುದಿಲ್ಲ. ಕಾದ ಮೇಲೆ ಗಾಳಿ ಹೆಚ್ಚಾಗಿದೆ ಎಂದು ವರದಿ ಕೊಡುತ್ತದೆ, ಕಂಪ್ಯೂಟರ್ ಪೆಟ್ರೋಲ್ ಸೇರಿಸಿ ದೋಷವನ್ನು ಮುಚ್ಚಿಹಾಕುತ್ತದೆ. ರಾತ್ರಿ ಪೆಟ್ರೋಲ್ ಒತ್ತಡ ಇಳಿದುಹೋಗುವ ಕಾರು ಇನ್ನೊಂದು ಬಗೆ. ಕೀಯನ್ನು ಆನ್‌ಗೆ ತಿರುಗಿಸಿ ಪಂಪಿನ ಸದ್ದು ನಿಲ್ಲುವವರೆಗೆ ಕಾದು, ಆಫ್ ಮಾಡಿ, ಮತ್ತೊಮ್ಮೆ ಹಾಗೇ ಮಾಡಿ ಆಮೇಲೆ ಸೆಲ್ಫ್ ಹೊಡೆದಾಗ ಚೆನ್ನಾಗಿ ಹಿಡಿದುಕೊಂಡರೆ ಪಂಪಿನ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ ಕಾರಣ.

ಡೀಸೆಲ್ ಕಾರಿನವರಿಗೆ ಇದಾವುದೂ ಬೇಡ. ಬೆಳಿಗ್ಗೆ ಕುಲುಕಿ ಬಿಳಿ ಹೊಗೆ ಉಗುಳಿ ಒಂದೆರಡು ನಿಮಿಷದಲ್ಲಿ ಸರಿಹೋದರೆ ಹೀಟರ್ ಪ್ಲಗ್ ಪರೀಕ್ಷಿಸಿ. ನಾಲ್ಕರಲ್ಲಿ ಒಂದು ಸತ್ತಿರುತ್ತದೆ.

ಪ್ಯಾಕಿಂಗೂ ಪ್ಲಗ್ಗೂ ತಪ್ಪಿಲ್ಲದಿದ್ದರೆ

ಟ್ಯಾಪೆಟ್ ಗ್ಯಾಪ್ ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಟ್ಯಾಪೆಟ್ 'ಟಕಟಕ' ಎಂದರೆ ಎಲ್ಲರೂ ಗಾಬರಿಯಾಗುತ್ತಾರೆ, ನಿಜಕ್ಕೂ ಭಯಪಡಬೇಕಾದ್ದು ಸದ್ದೇ ಮಾಡದ ಬಿಗಿ ಟ್ಯಾಪೆಟ್‌ಗೆ. ಗ್ಯಾಸಿನಲ್ಲಿ ಹೆಚ್ಚು ಓಡಿದ ಎಂಜಿನ್‌ನಲ್ಲಿ ವಾಲ್ವ್ ಸೀಟ್ ಸವೆದು ಹೀಗಾಗುತ್ತದೆ. ಎಂಜಿನ್ ತಣ್ಣಗಿದ್ದಾಗಿನ ಮತ್ತು ಬಿಸಿಯಾಗಿದ್ದಾಗಿನ ಅಳತೆ ಬೇರೆ ಬೇರೆ ಇರಬಹುದು, ಪುಸ್ತಕ ನೋಡಿಯೇ ಇಡಿಸಿ. ಕಂಪ್ರೆಷನ್ ಟೆಸ್ಟ್ ಮಾಡಿಸಿದಾಗ ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಬಂದರೆ ಹೆಡ್ ಕೆಲಸದ ಮಾತು ಶುರುವಾಗುತ್ತದೆ. ಅದಕ್ಕೆ ಮುಂಚೆ ಎಂಜಿನ್ ಫೌಂಡೇಶನ್ ರಬ್ಬರನ್ನೂ ನೋಡಿ. ಸದ್ದು ನೇರವಾಗಿದ್ದು ಸೀಟು, ಸ್ಟೇರಿಂಗ್ ಮಾತ್ರ ಅದುರುತ್ತಿದ್ದರೆ ಎಂಜಿನ್ ಚೆನ್ನಾಗಿಯೇ ಇದೆ, ಹೊತ್ತು ನಿಂತ ರಬ್ಬರ್ ಗಟ್ಟಿಯಾಗಿದೆ.

ಕಾರ್ಬೊರೇಟರ್ ಕಾರಿನವರು ಇಷ್ಟಾದ ಮೇಲೆ ಸ್ಕ್ರೂ ಡ್ರೈವರ್ ತೆಗೆದುಕೊಳ್ಳಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಚೋಕ್ ಪೂರ್ತಿ ಒಳಗಿರಲಿ, ಏರ್ ಫಿಲ್ಟರ್ ಜಾಗದಲ್ಲೇ ಇರಲಿ, ಲೈಟು, ಫ್ಯಾನು ಆಫ್ ಇರಲಿ. ಮಿಕ್ಸ್ಚರ್ ಸ್ಕ್ರೂ ಈಗ ಎಷ್ಟು ಸುತ್ತಿನಲ್ಲಿದೆಯೆಂದು ಎಂಜಿನ್ ನಿಲ್ಲಿಸಿ, ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಣಿಸಿ ಬರೆದಿಟ್ಟುಕೊಂಡು, ಮತ್ತೆ ಅದೇ ಜಾಗಕ್ಕೆ ತನ್ನಿ. ಒಳಗೆ ಬಿಗಿದು ಒತ್ತಬೇಡಿ, ಸೂಜಿಯ ಮೊನೆ ಕೆಡುತ್ತದೆ. ಸ್ಟಾರ್ಟ್ ಮಾಡಿ ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತಾ ಎಂಜಿನ್ ಅತಿ ಹೆಚ್ಚು ವೇಗವಾಗಿ, ನಯವಾಗಿ ಓಡುವ ಜಾಗ ಹುಡುಕಿ. ವೇಗ ಏರಿದ್ದನ್ನು ಥ್ರಾಟಲ್ ಸ್ಕ್ರೂನಿಂದ ಪುಸ್ತಕದಲ್ಲಿ ಹೇಳಿದ ಆರ್‌ಪಿಎಂಗೆ ಇಳಿಸಿ. ಮತ್ತೊಮ್ಮೆ ಮಿಕ್ಸ್ಚರ್, ಮತ್ತೊಮ್ಮೆ ಥ್ರಾಟಲ್. ಎರಡು ಸುತ್ತಿನಲ್ಲಿ ಹೊಂದಿಕೊಳ್ಳುತ್ತದೆ.

ಅಲ್ಲಿಂದ ಸೀದಾ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗಿ ರೀಡಿಂಗ್ ತೆಗೆಸಿ. ಭಾರತ್ ಸ್ಟೇಜ್ (ಬಿಎಸ್) 2ಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3ರವರೆಗೆ ಇರಬಹುದು, ಬಿಎಸ್-2 ಮತ್ತು 3ರ ಕಾರಿಗೆ ಶೇ 0.5. ಸುಸ್ಥಿತಿಯಲ್ಲಿರುವ ಕಾರ್ಬೊರೇಟರ್ ಕಾರು ಶೇ 3ರೊಳಗೆ ನಯವಾಗಿ ಓಡಬಲ್ಲದು. ಹೆಚ್ಚು ಬಂದರೆ ಕಾಲು ಸುತ್ತು ಒಳಗೆ ತಿರುಗಿಸಿ ಅಲ್ಲೇ ಮತ್ತೆ ನೋಡಿ. ಹೈಡ್ರೊಕಾರ್ಬನ್ ಅಂಕಿ ಮಾತ್ರ ವಿಪರೀತ ಏರಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ. ಆಗ ಸ್ಕ್ರೂ ಬಿಟ್ಟು ಪ್ಲಗ್ ಹತ್ತಿರ ವಾಪಸ್ ಹೋಗಬೇಕು. ಕೊನೆಗೆ ಎಷ್ಟು ಸುತ್ತಿನಲ್ಲಿ ನಿಂತಿತೆಂಬುದನ್ನು ಎಮಿಷನ್ ಚೀಟಿಯ ಹಿಂದೆ ಬರೆದು ಕಾರಿನಲ್ಲೇ ಇಡಿ. ಮುಂದಿನ ಸಲ ಯಾರಾದರೂ ಅರ್ಧ ಸುತ್ತು ತಿರುಗಿಸಿದರೆ ಅದನ್ನು ಎಲ್ಲಿಗೆ ಮರಳಿಸಬೇಕೆಂದು ಗೊತ್ತಿರುತ್ತದೆ.